ನೆಂಟರಿಗೆ ಕೊಡುವ ನೀರು

ನನ್ನ ತವರೂರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳೇ, ನಿಮಗೆ ಅದು ಗೊತ್ತು. ಬೇಸಿಗೆ ರಜೆಯಲ್ಲಿ ಮಾವಿನಹಣ್ಣು ತಿನ್ನಲು ಹೋಗಿದ್ದೀರಿ. ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ಕಡೆಗಿರುವ, ತೆಲುಗು ಹೆಚ್ಚಾಗಿ ಆಡುವ ಊರು ಎಂದಷ್ಟೇ ಹೇಳುತ್ತೇನೆ. ಈ ಹಾಳೆಗಳು ಬೇರೆ ಯಾರ ಕೈಗಾದರೂ ಸಿಕ್ಕಿ ಆ ಊರಿನ ಒಬ್ಬ ಹುಡುಗಿಯ ಮದುವೆಗೆ ತೊಂದರೆಯಾಗಬಾರದು. ನಿಮ್ಮ ದೊಡ್ಡಕ್ಕ ಕಾಲೇಜಿಗಾಗಿ ಮಾಡಿದ ಕೆಲಸದಿಂದ ಆ ತೊಂದರೆ ಆಗಿಯೇ ಬಿಡುತ್ತದೆ ಎಂದು ಈ ಚಳಿಗಾಲವೆಲ್ಲ ನಾನು ಹೆದರಿಕೊಂಡೇ ಕಳೆದೆ. ಆ ಹೆದರಿಕೆಯ ಕಥೆಯನ್ನು ನಿಮಗೆ ಹೇಳಬೇಕೆನಿಸಿತು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ದೊಡ್ಡಕ್ಕ ಕೋಲಾರದಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳಲ್ಲ, ಅವಳ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಒಬ್ಬರು, ಸಮಾಜಶಾಸ್ತ್ರದ ಮೇಡಂ ಒಬ್ಬರು ಸೇರಿ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಒಂದು ದಿನ ವಕ್ಕಲೇರಿ ಬಸ್ಸಿಳಿದು ಮನೆಗೆ ಬಂದವಳೇ ಬ್ಯಾಗನ್ನೂ ಕೆಳಗಿಡದೆ ಹೇಳಿದಳು.

"ಅಜ್ಜಿ, ಪರಿಸರ ನ್ಯಾಯ ಅಂತ ನಮ್ಮ ಪ್ರಾಜೆಕ್ಟು."

"ನ್ಯಾಯ ಅಂದ್ರೆ? ಪಂಚಾಯ್ತಿ ಸೇರಿಸ್ತೀರಾ?"

"ಅಯ್ಯೋ, ಇಲ್ಲ ಅಜ್ಜಿ. ಒಂದೇ ಊರಲ್ಲಿ ಯಾರಿಗೆ ಒಳ್ಳೆ ನೀರು ಸಿಗತ್ತೆ, ಯಾರಿಗೆ ಕೆಟ್ಟ ನೀರು ಸಿಗತ್ತೆ, ಯಾಕೆ ಹಂಗೆ ಅಂತ ನೋಡೋದು. ನೀರನ್ನ ಲ್ಯಾಬಲ್ಲಿ ಪರೀಕ್ಷೆ ಮಾಡ್ತೀವಿ. ಜನರ ಹಲ್ಲು ನೋಡ್ತೀವಿ. ಮನೇಲಿ ಯಾರು ಏನು ಕುಡೀತಾರೆ ಅಂತ ಕೇಳ್ತೀವಿ. ಮೂರನ್ನೂ ಸೇರಿಸಿ ಬರೀಬೇಕು. ನಾನು ನಿನ್ನ ಊರನ್ನೇ ತಗೊಂಡಿದೀನಿ. ನಂಗೆ ತೆಲುಗು ಸರಿಯಾಗಿ ಬರಲ್ವಲ್ಲ, ನೀನು ಬರ್ಬೇಕು."

ಹಲ್ಲು ಎಂದಾಗಲೇ ನಾನು ತುಟಿ ಮುಚ್ಚಿಕೊಂಡೆ.

ನನ್ನ ಹಲ್ಲನ್ನು ನೀವು ಯಾರೂ ಸರಿಯಾಗಿ ನೋಡಿರಲಾರಿರಿ. ನಾನು ನಗುವಾಗ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ. ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಗೀರುಗಳಿವೆ, ಸುಣ್ಣ ಬಳಿದ ಗೋಡೆಯ ಮೇಲೆ ಮಾಡಿನ ನೀರು ಇಳಿದಂತೆ. ನಾನು ಚಿಕ್ಕವಳಿದ್ದಾಗ ಊರಿನ ಬಾವಿ ಬತ್ತಿ, ಕೊರೆದು ಹಾಕಿದ ಕೈಪಂಪು ಬಂತು. ಆ ನೀರಿಗೂ ಹಲ್ಲಿಗೂ ಸಂಬಂಧವಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಹಲ್ಲುಜ್ಜದ ಸೋಮಾರಿಗಳು ಎಂದು ಶಾಲೆಯಲ್ಲಿ ಮೇಷ್ಟ್ರು ನಮ್ಮನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದರು. ನನ್ನನ್ನು ನೋಡಲು ಗಂಡಿನವರು ಬರುವ ದಿನ ನಮ್ಮಮ್ಮ ಮಾಲೂರಿನ ಹೆಂಚನ್ನು ಪುಡಿ ಮಾಡಿ, ಉಪ್ಪು ಬೆರೆಸಿ, ನನ್ನ ಹಲ್ಲನ್ನು ಒಸಡಿನಲ್ಲಿ ರಕ್ತ ಬರುವಷ್ಟು ತಿಕ್ಕಿದಳು. ಆಮೇಲೆ ಕಿವಿಯಲ್ಲಿ, "ಕೇಳಿದ್ದಕ್ಕೆ ತಲೆ ಆಡಿಸು, ತುಟಿ ಬಿಚ್ಚಬೇಡ" ಎಂದಳು. ತುಟಿ ಬಿಚ್ಚದೆ ಮದುವೆಯಾದೆ. ಇಲ್ಲಿಗೆ ಬಂದ ಮೇಲೂ ಅದೇ ಅಭ್ಯಾಸ. ಮಾತಾಡದ ಸೊಸೆ ಎಂದರು, ಜಂಬ ಎಂದೂ ಅಂದರು. ನಿಮ್ಮ ತಾತ ಒಬ್ಬರೇ ಒಂದು ದಿನ ಕಬ್ಬು ಸಿಗಿದು ತಿನ್ನುತ್ತಿದ್ದ ನನ್ನನ್ನು ನೋಡಿ, "ಕಲೆ ಇದ್ರೇನು ಬಿಡೇ, ನನ್ನವಕ್ಕಿಂತ ಗಟ್ಟಿಯಾಗವೆ" ಎಂದು ನಕ್ಕಿದ್ದು. ಅವರು ಹೋದ ಮೇಲೆ ಅಂಥ ಮಾತು ಕೇಳಿದ್ದಿಲ್ಲ.

ಇಂಥ ನಾನು ಮನೆಮನೆಗೆ ಹೋಗಿ ಬಾಯಿ ತೆಗೆಯಿರಿ ಎಂದು ಹೇಳಬೇಕಿತ್ತು. ಆಗಲ್ಲ ಎನ್ನಲು ನೋಡಿದೆ. ನಿಮ್ಮಕ್ಕನ ಮುಖ ನೋಡಿ ಹೂಂ ಎಂದೆ.

ಅವರೆಕಾಯಿ ಸೊಗಡು ಹಿಡಿಯುತ್ತಿದ್ದ ಕಾಲ. ಊರಿಗೆ ಹೋಗಿ ಅತ್ತಿಗೆಯ ಮನೆಯಲ್ಲಿ ಇಳಿದೆವು. ಅಣ್ಣ ಇಲ್ಲ ಈಗ. ಅತ್ತಿಗೆ, ಅವಳ ಮಗ ಸೊಸೆ, ಮೊಮ್ಮಗಳು ಇದ್ದಾರೆ. ಅತ್ತಿಗೆ ಮಾತಿನಲ್ಲಿ ಮೆಣಸಿನಕಾಯಿ, ಆದರೂ ಒಳ್ಳೆಯವಳು. ಒಬ್ಬಟ್ಟು ಮಾಡಿಟ್ಟಿದ್ದಳು. ಉಂಡ ಮೇಲೆ ಗುಟ್ಟಾಗಿ ಹೇಳಿದಳು: ಮೊಮ್ಮಗಳಿಗೆ ಮುಳಬಾಗಿಲು ಕಡೆಯಿಂದ ಒಳ್ಳೆಯ ಸಂಬಂಧ ಬಂದಿದೆ. ಹುಡುಗ ಸರ್ಕಾರಿ ಶಾಲೆಯ ಮೇಷ್ಟ್ರು. ಸಂಕ್ರಾಂತಿ ಕಳೆದ ಮೇಲೆ ನೋಡಲು ಬರುತ್ತಾರೆ.

ನಿಮ್ಮಕ್ಕ ಬಂದ ಕೆಲಸ ಹೇಳಿದಳು. ಹಲ್ಲಿನ ಫೋಟೋ ಎನ್ನುತ್ತಲೇ ಅತ್ತಿಗೆಯ ಮುಖ ಮುದುಡಿತು.

"ಫೋಟೋ ಗೀಟೋ ಏನೂ ಬೇಡಮ್ಮ. ಈ ಊರಿನ ಹೆಣ್ಮಕ್ಕಳ ಹಲ್ಲು ಹಿಂಗಿದೆ ಅಂತ ನೀನು ಬರ್ಕೊಂಡು ಹೋಗ್ತೀಯ, ನಾಳೆ ಪೇಪರಲ್ಲಿ ಬರತ್ತೆ. ಆಮೇಲೆ ಈ ಊರಿನ ಹೆಣ್ಣನ್ನ ಯಾರು ತಗೋತಾರೆ? ನೀನು ತಗೋತೀಯಾ?"

"ಪೇಪರಿಗಲ್ಲ ಅಜ್ಜಿ, ಕಾಲೇಜಿಗೆ."

"ಕಾಲೇಜಲ್ಲಿ ಮುಳಬಾಗಿಲಿನ ಹುಡುಗ್ರು ಓದಲ್ವಾ?"

ಬಾಗಿಲ ಹಿಂದೆ ಅತ್ತಿಗೆಯ ಮೊಮ್ಮಗಳು ನಿಂತು ಕೇಳುತ್ತಿದ್ದಳು. ಅವಳ ಮುಂದಿನ ಎರಡು ಹಲ್ಲಿನ ಮೇಲೆ ನನ್ನವೇ ಗೀರುಗಳು. ನಕ್ಕರೆ ಅಂಗೈ ಅಡ್ಡ ಬರುತ್ತದೆ, ನನ್ನ ಸೆರಗಿನಂತೆಯೇ. ಆ ಹುಡುಗಿಯನ್ನು ನೋಡಿದಾಗಲೆಲ್ಲ ಹೆಂಚಿನ ಪುಡಿಯ ರುಚಿ ನನ್ನ ನಾಲಿಗೆಗೆ ಬರುತ್ತದೆ.

ಫೋಟೋ ಬಿಟ್ಟು ನೀರನ್ನಾದರೂ ಕೊಡಿ ಎಂದಳು ನಿಮ್ಮಕ್ಕ. ಅದಕ್ಕೆ ಯಾರೂ ಬೇಡವೆನ್ನಲಿಲ್ಲ. ಸಂಜೆ ಮನೆಮನೆಗೂ ಒಂದೊಂದು ಬಾಟಲಿ ಕೊಟ್ಟು ಬಂದೆವು. ಮನೆಯ ನೀರು ತುಂಬಿಸಿಡಿ, ಬೆಳಗ್ಗೆ ಬಂದು ತಗೋತೀವಿ ಎಂದು. ಊರ ನಡುವಿನ ಮನೆಗಳಿಗೂ, ಆಚೆ ತುದಿಯ ಕಾಲೋನಿಗೂ ಕೊಟ್ಟೆವು. ಬೆಳಗ್ಗೆ ಹೋದರೆ ಎಲ್ಲರೂ ಬಾಟಲಿಯನ್ನು ತೊಳೆದು, ಒರೆಸಿ, ತುಂಬಿಸಿ ಜಗಲಿಯ ಮೇಲಿಟ್ಟಿದ್ದರು. ಒಬ್ಬಾಕೆ ಮುಚ್ಚಳಕ್ಕೆ ಅರಿಶಿನ ಹಚ್ಚಿದ್ದಳು. ನಿಮ್ಮಕ್ಕ ಖುಷಿಯಿಂದ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಕೋಲಾರದ ಬಸ್ಸು ಹತ್ತಿದಳು.

ಕೆಲವು ದಿನ ಕಳೆದು ಅವಳು ಮನೆಗೆ ಬಂದಾಗ ಮುಖದಲ್ಲಿ ಕಳೆಯಿರಲಿಲ್ಲ. ಊಟ ಬೇಡ ಎಂದಳು. ನಾನು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ, ಬಂದು ಪಕ್ಕದಲ್ಲಿ ಕೂತಳು.

"ಎಲ್ಲ ನೀರೂ ಚೆನ್ನಾಗಿದೆಯಂತೆ ಅಜ್ಜಿ. ಹಲ್ಲಿಗೆ ಕಲೆ ಹಿಡಿಸೋ ಫ್ಲೋರೈಡ್ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ."

"ಒಳ್ಳೇದೇ ಆಯ್ತಲ್ಲ."

"ಏನು ಒಳ್ಳೇದು? ಊರ ಒಳಗಿನ ಮನೆದೂ ಅಷ್ಟೇ, ಕಾಲೋನಿದೂ ಅಷ್ಟೇ. ಒಂದೇ ಬಿಂದಿಗೇಲಿ ಮೊಗೆದಂಗಿದೆ. ಹಂಗಾದ್ರೆ ಪುಟ್ಟ ಮಕ್ಕಳ ಹಲ್ಲು ಯಾಕೆ ಹಂಗಿವೆ? ಮೇಷ್ಟ್ರು, ಇಷ್ಟೇ ಆದ್ರೆ ಇಷ್ಟನ್ನೇ ಬರೀಬೇಕಮ್ಮ ಅಂತಾರೆ. ಮೇಡಂ, ಎಲ್ಲೋ ತಪ್ಪಿದೆ, ಯೋಚನೆ ಮಾಡು ಅಂತಾರೆ. ನಂಗೆ ಏನೂ ತೋಚ್ತಿಲ್ಲ. ಎಲ್ಲರ ಮುಂದೆ ನಿಂತು ಏನು ಹೇಳ್ಲಿ?"

ಅವಳ ಕಣ್ಣಲ್ಲಿ ನೀರು ಬಂತು. ಕಾಳು ಸುಲಿಯುತ್ತಿದ್ದ ನನ್ನ ಕೈ ನಿಂತಿತು. ಎಲ್ಲಿ ತಪ್ಪಿದೆ ಎಂದು ನನಗೆ ಆ ಗಳಿಗೆಯಲ್ಲೇ ಹೊಳೆದಿತ್ತು. ನನಗೆ ಯಾರಾದರೂ ಬಾಟಲಿ ಕೊಟ್ಟಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಆ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಶುದ್ಧ ನೀರಿನ ಘಟಕವಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಫಿಲ್ಟರ್ ನೀರು ಎನ್ನುತ್ತಾರೆ. ಕಾಲೋನಿಯವರಿಗೆ ಅದು ದೂರ, ಆದರೂ ಒಂದು ಕ್ಯಾನು ಹೊತ್ತು ತಂದಿಟ್ಟುಕೊಂಡಿರುತ್ತಾರೆ. ಆ ನೀರು ಯಾರಿಗೆ? ಮನೆಗೆ ಬಂದ ನೆಂಟರಿಗೆ. ಆಮೇಲೆ ಗಂಡಸರಿಗೆ, ಶಾಲೆಗೆ ಹೋಗುವ ಮಕ್ಕಳ ಬಾಟಲಿಗೆ. ಮಿಕ್ಕವರಿಗೆ, ಅಂದರೆ ಹೆಂಗಸರಿಗೆ, ಮುದುಕಿಯರಿಗೆ, ಇನ್ನೂ ಶಾಲೆಗೆ ಹೋಗದ ಕೂಸುಗಳಿಗೆ, ನಲ್ಲಿಯಲ್ಲಿ ಬರುವ ಬೋರ್ ನೀರು. ಟೊಮೆಟೊ ತೋಟಕ್ಕೆ ಕೂಲಿಗೆ ಹೋದವರು ಅಲ್ಲೇ ಪೈಪಿಗೆ ಬಾಯಿ ಕೊಡುತ್ತಾರೆ. ಕಾಲೇಜಿನ ಹುಡುಗಿ ಬಾಟಲಿ ಕೊಟ್ಟು ಮನೆಯ ನೀರು ಕೊಡಿ ಎಂದರೆ ಯಾವ ಹೆಂಗಸು ತಾನೇ ನಲ್ಲಿಯ ನೀರು ತುಂಬಿಸಿಕೊಟ್ಟಾಳು? ಮರ್ಯಾದೆ ಇಲ್ಲವೇ? ಎಲ್ಲರೂ ನೆಂಟರ ನೀರನ್ನೇ ಕೊಟ್ಟಿದ್ದರು. ಎಲ್ಲವೂ ಆ ಒಂದೇ ಘಟಕದ ನೀರು.

ಹೊಳೆದದ್ದನ್ನು ನಾನು ಆಗ ಹೇಳಲಿಲ್ಲ. ಎದ್ದು ಹೋಗಿ ಕಾಳಿಗೆ ನೀರು ಹಾಕಿ ನೆನೆಯಿಟ್ಟೆ. ಹೇಳದಿದ್ದರೆ ಆ ಊರಿನ ನೀರು ಚೆನ್ನಾಗಿದೆ ಎಂದು ಕಾಲೇಜಿನಲ್ಲಿ ಬರೆದಿಡುತ್ತಾರೆ. ಮುಳಬಾಗಿಲಿನವರು ಬರುತ್ತಾರೆ, ನೋಡುತ್ತಾರೆ, ಒಪ್ಪುತ್ತಾರೆ. ಹೇಳಿದರೆ ನಿಮ್ಮಕ್ಕ ಮತ್ತೆ ಹೋಗುತ್ತಾಳೆ, ನಲ್ಲಿಯ ನೀರು ಹಿಡಿಯುತ್ತಾಳೆ, ಹಲ್ಲು ಕೇಳುತ್ತಾಳೆ, ಮಾತು ಹರಡುತ್ತದೆ. ಒಂದು ಕಡೆ ನನ್ನ ಮೊಮ್ಮಗಳು, ಇನ್ನೊಂದು ಕಡೆ ಅಣ್ಣನ ಮೊಮ್ಮಗಳು. ಹಿತಕಿದ ಕಾಳಿನ ಸಾರು ಮಾಡಿದೆ. ಉಪ್ಪು ಹಾಕುವುದನ್ನೇ ಮರೆತಿದ್ದೆ.

ಊಟಕ್ಕೆ ಕೂತಾಗ ಅಭ್ಯಾಸದಂತೆ ನಿಮ್ಮಕ್ಕನ ಲೋಟಕ್ಕೆ ಕ್ಯಾನಿನ ನೀರು ಬಗ್ಗಿಸಿ, ನನ್ನ ಲೋಟಕ್ಕೆ ಹಂಡೆಯ ನೀರು ಮೊಗೆದುಕೊಂಡೆ. ಅವಳು ಎರಡು ಲೋಟವನ್ನೂ ನೋಡಿದಳು. ತುತ್ತು ಬಾಯಿಗೆ ಹೋಗದೆ ನಿಂತಿತು.

"ಅಜ್ಜಿ, ನೀನು ಯಾವಾಗ್ಲೂ ಬೋರ್ ನೀರೇ ಕುಡಿಯೋದಾ?"

"ನಂಗೆ ಅದೇ ರುಚಿ ಕಣೇ."

"ಸುಳ್ಳು ಹೇಳ್ಬೇಡ."

ಇನ್ನು ಬಚ್ಚಿಡುವಂತಿರಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಕೈ ತೊಳೆಯದೇ ಎದ್ದು ಮೇಡಂಗೆ ಫೋನು ಮಾಡಿದಳು. "ಮೇಡಂ, ಅನ್ಯಾಯ ಕೇರಿಯಿಂದ ಕೇರಿಗಲ್ಲ, ಒಂದೇ ಅಡಿಗೆಮನೆ ಒಳಗಿದೆ ಮೇಡಂ" ಎಂದು ಏನೇನೋ ಹೇಳುತ್ತಿದ್ದಳು. ನನಗೆ ಅನ್ಯಾಯ ಎನ್ನುವ ಮಾತು ಹಿಡಿಸಲಿಲ್ಲ. ಕೊಡುವವಳು ನಾನು, ಕುಡಿಯುವವಳೂ ನಾನು. ಅನ್ಯಾಯ ಮಾಡಿದವರು ಯಾರು? ಇಂದಿಗೂ ಅದು ನನಗೆ ಸರಿಯಾಗಿ ತಿಳಿದಿಲ್ಲ. ನೀವು ಓದಿದವರು, ಯೋಚಿಸಿ.

ಮತ್ತೆ ಊರಿಗೆ ಹೋದಾಗ ಮಾವಿನ ಮರಗಳು ಹೂ ಬಿಟ್ಟಿದ್ದವು. ಗಂಡಿನವರು ಬರುವುದಕ್ಕೆ ವಾರವೂ ಉಳಿದಿರಲಿಲ್ಲ. ಅತ್ತಿಗೆ ಜಗಲಿಯ ಮೇಲೆಯೇ ತಡೆದಳು.

"ಏಮ್ಮಾ, ಮತ್ತೆ ಬಂದ್ಯಾ? ಒಂದು ತಿಂಗಳು ತಡ್ಕೊಳ್ಳಕ್ಕೆ ಆಗಲ್ವಾ ನಿನ್ನ ಮೊಮ್ಮಗಳಿಗೆ?"

"ಕಾಲೇಜಲ್ಲಿ ದಿನ ಗೊತ್ತು ಮಾಡಿದಾರೆ ಅತ್ತಿಗೆ. ತಡ ಆದ್ರೆ ಅವಳ ಇಡೀ ವರ್ಷದ ಕೆಲಸ ಹೋಗತ್ತೆ."

"ಅವಳ್ದು ಒಂದು ವರ್ಷ. ನಮ್ಮ ಹುಡುಗಿದು ಒಂದು ಜನ್ಮ."

ನಿಮ್ಮಕ್ಕ ಮುಂದೆ ಬಂದು ನಿಧಾನವಾಗಿ ಹೇಳಿದಳು. ಊರಿನ ಹೆಸರು ಎಲ್ಲೂ ಬರುವುದಿಲ್ಲ, ಮೇಡಂ ಮೊದಲೇ ಹಾಗೆಂದು ಹೇಳಿದ್ದಾರೆ. ಜನರ ಹೆಸರೂ ಇಲ್ಲ, ಮುಖವೂ ಇಲ್ಲ, ಬರೀ ಬಾಯಿ. ಮದುವೆಗಿರುವ ಹೆಣ್ಣುಮಕ್ಕಳ ತಂಟೆಗೇ ಹೋಗುವುದಿಲ್ಲ. ಆದರೆ ನಲ್ಲಿಯ ನೀರು ಬೇಕು. ಆ ನೀರು ಕುಡಿದವರ ಹಲ್ಲೂ ಬೇಕು.

"ಹಂಗಾದ್ರೆ ಯಾರ ಹಲ್ಲಿನ ಫೋಟೋ ತೆಗೀತೀಯ?" ಎಂದಳು ಅತ್ತಿಗೆ.

ಅಷ್ಟು ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಸೇರಿದ್ದರು. ಎಲ್ಲರ ಕೈಯೂ ಬಾಯ ಹತ್ತಿರ. ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಧೈರ್ಯವಲ್ಲ ಅದು, ಇಬ್ಬರು ಹುಡುಗಿಯರ ನಡುವೆ ಸಿಕ್ಕಿಬಿದ್ದ ಹೆದರಿಕೆಯೇ ಇರಬೇಕು.

"ನಂದು ತೆಗಿ" ಎಂದೆ. "ನನ್ನನ್ನ ನೋಡಕ್ಕೆ ಇನ್ನು ಯಾರು ಬರ್ತಾರೆ?"

ಪಕ್ಕದ ಮನೆಯ ಮುದುಕಿ, ನನ್ನ ಜೊತೆಗೆ ಶಾಲೆಯಲ್ಲಿ ಬಿಸಿಲಿಗೆ ನಿಂತಿದ್ದವಳು, ಗೊಳ್ಳೆಂದು ನಕ್ಕಳು. "ಹೌದಲ್ವೇ! ಮದುವೆ ಆಗಿ ಮುಗಿದಿರೋ ಹಲ್ಲುಗಳು ಇಷ್ಟಿವೆ. ನಂದೂ ತೆಗಿಯಮ್ಮ. ಯಾವನಾದ್ರೂ ಮೆಚ್ಚಿದ್ರೆ ನಂಗೆ ಹೇಳು."

"ನಿನ್ನ ಮೆಚ್ಚೋಕೆ ಎಷ್ಟು ಹಲ್ಲು ಉಳಿದವೆ?" ಎಂದು ಅತ್ತಿಗೆ ರೇಗಿಸಿದಳು.

"ಎಣಿಸ್ಕೋ ಬಾ. ನಿನಗಿಂತ ಒಂದು ಜಾಸ್ತಿ."

ಹೀಗೆ ಆ ಬೆಳಗ್ಗೆ ನಮ್ಮೂರಿನ ಮುದುಕಿಯರು, ವಿಧವೆಯರು, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರು ಜಗಲಿಯ ಮೇಲೆ ಸಾಲಾಗಿ ಕೂತು ಬಾಯಿ ತೆಗೆದರು. ಶುಭಕಾರ್ಯಕ್ಕೆ ನಮ್ಮಲ್ಲಿ ಅರ್ಧ ಜನ ಮುಂದೆ ಬರುವಂತಿಲ್ಲ. ಇದಕ್ಕೆ ಮಾತ್ರ ನಾವೇ ಮುಂದೆ. ಕಾಲೋನಿಯಿಂದಲೂ ಕೆಲವರು ಬಂದರು. ಜಗಲಿಯ ಕೆಳಗೇ ನಿಂತರು. ನಿಮ್ಮಕ್ಕ ಮೇಲೆ ಬನ್ನಿ ಎಂದು ಕೈಹಿಡಿದು ಕರೆದಳು. ಅತ್ತಿಗೆ ಮುಖ ತಿರುಗಿಸಿದಳು, ಬೇಡವೆನ್ನಲಿಲ್ಲ. ನನ್ನ ಸರದಿ ಬಂದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಸಿಕ್ಕಿಸದಿದ್ದರೆ ಅದು ಮೇಲೆ ಬಂದುಬಿಡುತ್ತದೆ. ಬಿಸಿಲು ಹಲ್ಲಿಗೆ ಬಿದ್ದದ್ದು ಗೊತ್ತಾಯಿತು. ಕೊನೆಗೆ ಅತ್ತಿಗೆಯೂ ಬಂದು ಕೂತು, "ಬೇಗ ತೆಗಿ, ಒಲೆ ಮೇಲೆ ಹಾಲಿದೆ" ಎಂದಳು. ನಲ್ಲಿಯ ನೀರನ್ನು ಈ ಸಲ ನಿಮ್ಮಕ್ಕ ತಾನೇ ಹಿಡಿದುಕೊಂಡಳು. ಆ ನೀರಿನ ಫಲಿತಾಂಶ ಏನು ಬಂತು ಎಂದು ಹೇಳಬೇಕಾಗಿಲ್ಲ. ನಮ್ಮ ಬಾಯಲ್ಲೇ ಬರೆದಿತ್ತು.

ಗಂಡಿನವರು ಬರುವ ದಿನ ನಾನು ಹೋಗಬಾರದೆಂದೇ ಇದ್ದೆ. ಅತ್ತಿಗೆ ಬಿಡಲಿಲ್ಲ, ಅಡಿಗೆಗೆ ಕೈ ಬೇಕು ಎಂದಳು. ಮುಂದೆ ಬರಬಾರದವರು ನಾವಿಬ್ಬರೂ ಒಳಗೇ ಇದ್ದೆವು. ನಡುಮನೆಯಲ್ಲಿ ಗಂಡಸರ ಮಾತು, ಲೋಟಗಳ ಸದ್ದು. ಹುಡುಗಿ ಕೇಸರಿಬಾತಿನ ತಟ್ಟೆ ಹಿಡಿದು ಹೋದಳು. ಅವಳಿಗೆ ಯಾರೋ ಏನೋ ಕೇಳಿದರು. ಉತ್ತರ ಕೇಳಿಸಲಿಲ್ಲ. ತಲೆಯಾಡಿಸಿದಳೇನೋ.

ಆಗ ಹುಡುಗನ ತಾಯಿ ಕೈ ತೊಳೆಯುವ ನೆಪ ಮಾಡಿಕೊಂಡು ಅಡಿಗೆಮನೆಗೆ ಬಂದರು. ಒಳ್ಳೆಯ ಲಕ್ಷಣವಾದ ಹೆಂಗಸು. ಸೊಸೆ ಬೆಳೆದ ಮನೆ ಹೇಗಿದೆ ಎಂದು ನೋಡಬೇಕಲ್ಲ. ಅತ್ತಿಗೆ ಥಟ್ಟನೆ ಕ್ಯಾನಿನ ನೀರು ಬಗ್ಗಿಸಿ ಕೊಟ್ಟಳು. ಅವರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದರು.

"ನಿಮ್ಮೂರಲ್ಲಿ ಯಾರೋ ಕಾಲೇಜು ಹುಡುಗಿ ಹೆಂಗಸರ ಹಲ್ಲಿನ ಫೋಟೋ ತೆಕ್ಕೊಂಡು ಹೋದ್ಲಂತೆ? ಬಸ್ಸಲ್ಲಿ ಮಾತಾಡ್ತಿದ್ರು."

ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮುಗಿಯಿತು ಎಂದುಕೊಂಡೆ. ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದು ಬಂದು ಒಲೆಯ ಮುಂದೆ ನಿಂತಿತ್ತು. ಆದರೂ ಅತ್ತಿಗೆಯ ಮೇಲೆ ಮಾತು ಬರಬಾರದೆಂದು ನಾನೇ ಹೇಳಿದೆ.

"ನನ್ನ ಮೊಮ್ಮಗಳೇ ಅಮ್ಮ. ತಪ್ಪಿದ್ರೆ ನಮ್ದು, ಈ ಮನೆಯವರದ್ದಲ್ಲ. ಹಲ್ಲಿನ ಕಲೆ ನೀರಿಂದ ಬರೋದು. ಹುಡುಗೀರ ತಪ್ಪೇನಿಲ್ಲ ಅದರಲ್ಲಿ."

ಇಷ್ಟು ಉದ್ದದ ಮಾತನ್ನು ಗೊತ್ತಿಲ್ಲದವರ ಮುಂದೆ ನಾನು ಎಂದೂ ಆಡಿದ್ದಿಲ್ಲ. ಅವರು ನನ್ನನ್ನೇ ನೋಡಿದರು. ಆಗ ನಾನು ಕಂಡೆ. ಅವರು ಮಾತಾಡುವಾಗಲೆಲ್ಲ ಸೆರಗಿನ ತುದಿ ತುಟಿಯ ಹತ್ತಿರವೇ ಇತ್ತು. ಮರ್ಯಾದೆಗೆ ಎಂದುಕೊಂಡಿದ್ದೆ.

"ಆ ಹುಡುಗಿ ನಮ್ಮೂರಿಗೂ ಬರ್ತಾಳಾ?" ಎಂದು ಕೇಳಿದರು. ಬಾಗಿಲ ಕಡೆ ಒಮ್ಮೆ ನೋಡಿ ಸೆರಗು ಸ್ವಲ್ಪ ಇಳಿಸಿದರು. ಅದೇ ಗೀರುಗಳು. "ಗಂಡಸರಿಗೆ ಹೇಳ್ಬೇಡಿ. ನಮ್ಮನೇಲೂ ಎರಡು ನೀರು. ನಾನು ಕುಡಿಯೋದು ಬೋರಿಂದೇ."

ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಅತ್ತಿಗೆ ಮಾತ್ರ ಅತ್ತಿಗೆಯೇ. ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಕೇಳಿಯೇ ಬಿಟ್ಟಳು.

"ಹಂಗಾದ್ರೆ ನಮ್ಮ ಹುಡುಗಿ ಬಂದ್ರೆ ಯಾವ ನೀರು ಕೊಡ್ತೀರಿ?"

"ಫಿಲ್ಟರ್ ನೀರೇ ಕೊಡ್ತೀನಮ್ಮ. ಮನೆಗೆ ಬಂದ ದಿನ ನೆಂಟಳಲ್ವಾ?"

"ಮಾರನೇ ದಿನ?"

ಅವರು ನಕ್ಕರು. ಒಳ್ಳೆಯ ನಗುವೇ. ಅಷ್ಟರಲ್ಲಿ ನಡುಮನೆಯಿಂದ ಕರೆದರು. ಸೆರಗು ಸರಿಮಾಡಿಕೊಂಡು ಹೋದರು. ಅಲ್ಲಿ ಗಂಡಸರು ತಾಂಬೂಲ ಬದಲಾಯಿಸುವ ಮಾತಾಡುತ್ತಿದ್ದರು. ಒಪ್ಪಿದ್ದಾರೆ ಎಂದು ಗೊತ್ತಾದಾಗ ಅತ್ತಿಗೆ ನೆಲದ ಮೇಲೆಯೇ ಕೂತುಬಿಟ್ಟಳು. ನಾನು ಒಲೆ ಆರಿಸಿದೆ.

ನಿಮ್ಮಕ್ಕ ಕಾಲೇಜಿನಲ್ಲಿ ಎಲ್ಲರ ಮುಂದೆ ನಿಂತು ಚೆನ್ನಾಗಿಯೇ ಹೇಳಿದಳಂತೆ. ನನ್ನನ್ನು ಕರೆದಳು, ನಾನು ಹೋಗಲಿಲ್ಲ. ಅವಳು ಬರೆದ ಪುಸ್ತಕ ನಡುಮನೆಯ ಗೂಡಿನಲ್ಲಿದೆ. ಅದರಲ್ಲಿ ಒಂದು ಪುಟದ ತುಂಬ ಬಾಯಿಗಳಿವೆ. ಮೇಲಿನ ಸಾಲಿನಲ್ಲಿ ಎರಡನೆಯದು ನನ್ನದು. ಹೇಳದಿದ್ದರೆ ನಿಮಗೆ ಗೊತ್ತಾಗುತ್ತಿರಲಿಲ್ಲ.

ಮದುವೆ ಯುಗಾದಿ ಕಳೆದ ಮೇಲೆ. ಮೊನ್ನೆ ಆ ಹುಡುಗಿ ತಾಯಿಯ ಜೊತೆ ಲಗ್ನಪತ್ರಿಕೆ ಕೊಡಲು ಬಂದಿದ್ದಳು. ಕಾಲಿಗೆ ಬಿದ್ದಳು. ಎತ್ತಿ, ಕೆನ್ನೆ ಹಿಡಿದು, ಕಿವಿಯಲ್ಲಿ ಹೇಳಿದೆ. ನಮ್ಮಮ್ಮ ನನಗೆ ಹೇಳಿದಂತೆಯೇ ಕಿವಿಯಲ್ಲಿ, ಆದರೆ ಬೇರೆ ಮಾತು.

"ಹೋದ ಮಾರನೇ ದಿನ ನಂಗೊಂದು ಫೋನ್ ಮಾಡು. ಏನು ಕುಡಿಯಕ್ಕೆ ಕೊಟ್ರು ಅಂತ ಹೇಳು. ಮರೀಬೇಡ ಕಣೇ."

ಅವಳಿಗೆ ನಗು ಬಂತು. ಅಂಗೈ ಬಾಯಿಗೆ ಹೋಗುತ್ತಿತ್ತು, ಅರ್ಧದಲ್ಲೇ ನಿಂತಿತು. ಅವಳು ಹೋದಾಗಿನಿಂದ ಫೋನನ್ನು ಎಲ್ಲಿಟ್ಟರೆ ಸದ್ದು ಕೇಳಿಸುತ್ತದೆ ಎಂದು ಮನೆಯಲ್ಲೆಲ್ಲ ಜಾಗ ಹುಡುಕುತ್ತಿದ್ದೇನೆ. ಮದುವೆಗೆ ಇನ್ನೂ ಬಹಳ ದಿನವಿದೆ ಎಂದು ನಿಮ್ಮಕ್ಕ ಬೈಯುತ್ತಾಳೆ.